ಹೊಸ ರಸ್ತೆ ಬೇಗ ಹಾಳಾದರೆ: ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಕೈಪಿಡಿ

ಬೀದಿಯನ್ನು ಅಗೆದು, ಪೈಪು ಹಾಕಿ, ಚರಂಡಿ ಕಟ್ಟಿ, ಮೇಲೆ ಹೊಸ ಡಾಂಬರು ಹಾಕಿ ಮುಗಿಸಿರುತ್ತಾರೆ. ಒಂದೇ ಮಳೆಗಾಲದಲ್ಲಿ ಅಲ್ಲಿ ಗುಂಡಿ ಬೀಳುತ್ತದೆ. ಆಗ ಎಲ್ಲರ ಬಾಯಲ್ಲೂ ಬರುವ ಮಾತು "ಡಾಂಬರು ಕಳಪೆ" ಅಂತ. ಕೆಲವು ಸಲ ಅದು ನಿಜವೇ. ಆದರೆ ಎಷ್ಟೋ ಕಡೆ ಡಾಂಬರು ಚೆನ್ನಾಗಿಯೇ ಇರುತ್ತದೆ, ಅದನ್ನು ಹೊತ್ತ ಮಣ್ಣು ಕುಸಿದಿರುತ್ತದೆ. ಇಲ್ಲವೇ ಎಲ್ಲಿಂದಲೋ ನೀರು ನುಗ್ಗಿರುತ್ತದೆ. ಕಾರಣ ತಿಳಿಯದೆ ಗುಂಡಿ ಮುಚ್ಚಿದರೆ ಅದೇ ಜಾಗದಲ್ಲಿ ಮತ್ತೆ ಗುಂಡಿ ಬೀಳುತ್ತದೆ. ಜನರ ದುಡ್ಡು ಎರಡೆರಡು ಸಲ ಖರ್ಚಾಗುತ್ತದೆ.

ಬೀದಿ ಕಾಮಗಾರಿ ನೋಡಿಕೊಳ್ಳುವ ಎಂಜಿನಿಯರ್, ಸೈಟ್ ಮೇಲ್ವಿಚಾರಕ, ತಮ್ಮ ಬೀದಿಯ ಬಗ್ಗೆ ಕಾಳಜಿ ಇರುವ ನಿವಾಸಿ, ಮೂವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆದಿದ್ದೇನೆ. ಇದರಲ್ಲಿ ಅರ್ಧದಷ್ಟು ಪರೀಕ್ಷೆಗಳಿಗೆ ದೊಡ್ಡ ಯಂತ್ರ ಬೇಕಾಗಿಲ್ಲ. ಒಂದು ಟೇಪು, ಒಂದು ಬಕೆಟ್ ನೀರು, ಒಂದು ನೇರವಾದ ಪಟ್ಟಿ ಇದ್ದರೆ ಸಾಕು.

ಮೊದಲು ಗುರುತು, ಆಮೇಲೆ ಗುದ್ದಲಿ

ದುರಸ್ತಿ ತಂಡ ಬರುವ ಮುಂಚೆ ಬೀದಿಯುದ್ದಕ್ಕೂ ಒಮ್ಮೆ ನಡೆದು ಬನ್ನಿ. ಕೈಯಲ್ಲಿ ಬೀದಿಯ ಕಚ್ಚಾ ನಕ್ಷೆ ಇರಲಿ. ಗುಂಡಿ, ಬಿರುಕು, ತಗ್ಗು, ನೀರು ನಿಂತ ಜಾಗ ಎಲ್ಲವನ್ನೂ ಗುರುತು ಹಾಕಿ. ಜೊತೆಗೆ ಮ್ಯಾನ್‌ಹೋಲ್, ನೀರಿನ ವಾಲ್ವ್, ಮಳೆನೀರು ಚರಂಡಿಯ ಬಾಯಿ, ಮನೆ ಸಂಪರ್ಕಕ್ಕೆ ಅಗೆದ ಜಾಗ, ಬಸ್ ನಿಲ್ಲುವ ಜಾಗ ಇವೂ ಬರಬೇಕು. ಹಾನಿ ಯಾವುದರ ಜೊತೆ ಸೇರಿಕೊಂಡು ಬರುತ್ತಿದೆ ಎಂದು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ.

ರಸ್ತೆಯುದ್ದಕ್ಕೂ ಒಂದೇ ಗೆರೆಯಲ್ಲಿ ತಗ್ಗು ಬಿದ್ದಿದ್ದರೆ ಅದರ ಕೆಳಗೆ ಪೈಪ್ ಹಾಕಿದ ಟ್ರೆಂಚ್, ಅಂದರೆ ಪೈಪಿಗಾಗಿ ಅಗೆದು ಮುಚ್ಚಿದ ಉದ್ದನೆಯ ಗುಂಡಿ, ಇರುತ್ತದೆ. ರಸ್ತೆಗೆ ಅಡ್ಡಲಾಗಿ ಕಿರಿದಾದ ಪಟ್ಟಿಯಲ್ಲಿ ತಗ್ಗಿದ್ದರೆ ಅದು ಸಾಮಾನ್ಯವಾಗಿ ಮನೆ ಸಂಪರ್ಕಕ್ಕೆ ಅಗೆದದ್ದು. ಚಕ್ರ ಓಡುವ ಜಾಡಿನಲ್ಲಿ ಮಾತ್ರ ಹಾನಿ ಇದ್ದರೆ ಭಾರ ಹೊರುವ ಜಲ್ಲಿ ಪದರದ ಮೇಲೆ ಅನುಮಾನ ಪಡಿ. ಅಂಚಿನಲ್ಲಿ ಮಾತ್ರ ಇದ್ದರೆ ಪಕ್ಕದ ನೀರು ಅಥವಾ ಅಂಚಿಗೆ ಆಸರೆ ಇಲ್ಲದಿರುವುದು ಕಾರಣ. ಗೊತ್ತುಗುರಿ ಇಲ್ಲದೆ ಎಲ್ಲೆಂದರಲ್ಲಿ ಜಲ್ಲಿ ಕಿತ್ತು ಬರುತ್ತಿದ್ದರೆ ಮಾತ್ರ ಡಾಂಬರು ಮಿಶ್ರಣವನ್ನೇ ಮೊದಲು ತಪಾಸಣೆ ಮಾಡಬೇಕು.

ನೋಡುವ ಹೊತ್ತೂ ಮುಖ್ಯ. ಬೆಳಗಿನ ಓರೆ ಬಿಸಿಲಲ್ಲಿ ಸಣ್ಣ ತಗ್ಗೂ ನೆರಳು ಬಿಟ್ಟು ಕಾಣುತ್ತದೆ. ಮಳೆ ನಿಂತು ರಸ್ತೆ ಒಣಗುತ್ತಿರುವಾಗ ಹೋದರೆ ಇನ್ನೂ ಒಳ್ಳೆಯದು. ಉಳಿದ ಕಡೆ ಒಣಗಿ ಬೆಳ್ಳಗಾಗಿದ್ದರೂ ಬಿರುಕುಗಳು ನೀರು ಹಿಡಿದುಕೊಂಡು ಕಪ್ಪಾಗಿಯೇ ಇರುತ್ತವೆ. ಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿಗೆ ಬೀಳದ ಬಿರುಕು ಆಗ ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಟ್ರೆಂಚ್ ಮೇಲಿನ ಕುಸಿತ

ಮೂಲಸೌಕರ್ಯ ಕಾಮಗಾರಿ ಮುಗಿದ ಬೀದಿಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ದೋಷ ಇನ್ನೊಂದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಅಗೆದ ಮಣ್ಣನ್ನು ಮತ್ತೆ ತುಂಬಿದಾಗ ಕಣಗಳ ನಡುವೆ ಬೇಕಾದಷ್ಟು ಖಾಲಿ ಜಾಗ ಉಳಿದಿರುತ್ತದೆ. ಅದನ್ನು ದಮ್ಮಸ್ಸು ಮಾಡಿ ಗಟ್ಟಿ ಮಾಡಬೇಕು. ಅಮೆರಿಕದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಒಂದು ವಿಷಯವನ್ನು ತೋರಿಸಿಕೊಟ್ಟರು. ಪ್ರತಿಯೊಂದು ಮಣ್ಣಿಗೂ ತೇವದ ಒಂದು ಹದ ಇರುತ್ತದೆ. ಆ ಹದದಲ್ಲಿ ದಮ್ಮಸ್ಸು ಮಾಡಿದರೆ ಮಣ್ಣು ಅತಿ ಹೆಚ್ಚು ಗಟ್ಟಿಯಾಗಿ ಕೂರುತ್ತದೆ. ತೀರಾ ಒಣಗಿದ್ದರೆ ಕಣಗಳು ಒಂದರ ಪಕ್ಕ ಒಂದು ಜಾರಿ ಕೂರುವುದಿಲ್ಲ. ತೀರಾ ಒದ್ದೆಯಾಗಿದ್ದರೆ ಖಾಲಿ ಜಾಗವನ್ನು ನೀರೇ ಆಕ್ರಮಿಸಿಕೊಳ್ಳುತ್ತದೆ. ಇವತ್ತಿಗೂ ಜಗತ್ತಿನೆಲ್ಲೆಡೆ ಮಣ್ಣಿನ ಗಟ್ಟಿತನವನ್ನು ಅಳೆಯುವುದು ಅವರು ರೂಪಿಸಿದ ಪರೀಕ್ಷೆಯ ಲೆಕ್ಕದಲ್ಲೇ.

ಸೈಟಿನಲ್ಲಿ ಆಗುವುದೇ ಬೇರೆ. ಟ್ರೆಂಚ್ ಕಿರಿದಾಗಿರುತ್ತದೆ, ದೊಡ್ಡ ರೋಲರ್ ಒಳಗೆ ಇಳಿಯುವುದಿಲ್ಲ. ಜೆಸಿಬಿಯಲ್ಲಿ ಒಂದೇ ಸಲಕ್ಕೆ ಮಣ್ಣು ತಳ್ಳಿ, ಮೇಲಿನಿಂದ ರೋಲರ್ ಓಡಿಸುತ್ತಾರೆ. ರೋಲರಿನ ಒತ್ತಡ ಮೇಲಿನ ಪದರಕ್ಕೆ ಮಾತ್ರ ತಾಗುತ್ತದೆ, ಆಳಕ್ಕೆ ತಲುಪುವುದಿಲ್ಲ. ಮಣ್ಣನ್ನು 15ರಿಂದ 20 ಸೆಂಟಿಮೀಟರ್ ಪದರಗಳಲ್ಲಿ ಹಾಕಿ, ಪ್ರತಿ ಪದರವನ್ನೂ ಸಣ್ಣ ಯಂತ್ರದಲ್ಲಿ ಗುದ್ದಬೇಕು ಎನ್ನುವುದು ಇದಕ್ಕೇ. ಎರಡು ಮೀಟರ್ ಆಳದ ಟ್ರೆಂಚಿನ ಮಣ್ಣು ನೂರಕ್ಕೆ ಐದರಷ್ಟು ಕೂತರೂ ರಸ್ತೆಯ ಮೇಲೆ 10 ಸೆಂಟಿಮೀಟರ್ ತಗ್ಗು ಬೀಳುತ್ತದೆ. ಎಂಥ ಉತ್ತಮ ಡಾಂಬರು ಹಾಕಿದರೂ ಇದನ್ನು ತಡೆಯಲು ಆಗುವುದಿಲ್ಲ. ನೀರು ತುಂಬಿಸಿ ಮಣ್ಣು ಕೂರಿಸುವ ಅಭ್ಯಾಸವೂ ಇದೆ. ಮರಳಿಗೆ ಅದು ಒಂದಿಷ್ಟು ಕೆಲಸ ಮಾಡಬಹುದು. ಜೇಡಿಮಣ್ಣಿನಲ್ಲಿ ಅದರಿಂದ ಕೆಟ್ಟದ್ದೇ ಆಗುತ್ತದೆ.

ತಗ್ಗು ಕಂಡಾಗ ಕೇಳಬೇಕಾದ ಪ್ರಶ್ನೆ ಇದು: ಮಣ್ಣು ಸುಮ್ನೆ ಕೂರುತ್ತಿದೆಯಾ, ಇಲ್ಲಾ ಎಲ್ಲಿಗೋ ಹರಿದು ಹೋಗುತ್ತಿದೆಯಾ? ಎರಡೂ ಮೇಲಿನಿಂದ ಒಂದೇ ಥರ ಕಾಣುತ್ತವೆ. ಅಪಾಯ ಮಾತ್ರ ಬೇರೆ ಬೇರೆ.

ಪತ್ತೆ ಮಾಡಲು ತಗ್ಗಿನ ನಡುವೆ ಒಂದು ಮೊಳೆ ಹೊಡೆಯಿರಿ. ಹತ್ತಿರದ ಗಟ್ಟಿ ಕಟ್ಟಡವೊಂದರ ಮೆಟ್ಟಿಲನ್ನು ಆಧಾರ ಬಿಂದುವಾಗಿ ಇಟ್ಟುಕೊಂಡು, ಲೆವೆಲ್ ಉಪಕರಣದಿಂದ ವಾರಕ್ಕೊಮ್ಮೆ ಮೊಳೆಯ ಎತ್ತರ ಅಳೆಯಿರಿ. ಕುಸಿತ ದಿನ ಕಳೆದಂತೆ ನಿಧಾನವಾಗುತ್ತಿದ್ದರೆ ತುಂಬಿದ ಮಣ್ಣು ಕೂರುತ್ತಿದೆ ಎಂದರ್ಥ. ಒಂದೇ ವೇಗದಲ್ಲಿ ಮುಂದುವರಿದರೆ, ಅಥವಾ ಪ್ರತಿ ಮಳೆ ಆದ ಮೇಲೆ ಜಾಸ್ತಿಯಾದರೆ, ಒಡೆದ ಒಳಚರಂಡಿ ಪೈಪಿನೊಳಗೆ ಮಣ್ಣು ಸೋರಿ ಹೋಗುತ್ತಿರುವ ಸಾಧ್ಯತೆ ಇದೆ. ಆಗ ಇಳಿಜಾರಿನ ಕಡೆಯ ಮುಂದಿನ ಮ್ಯಾನ್‌ಹೋಲ್ ತೆರೆಸಿ ನೋಡಿ. ತಳದಲ್ಲಿ ಮರಳು, ಮಣ್ಣು ಶೇಖರವಾಗಿದ್ದರೆ ಅನುಮಾನ ಬಲವಾಗುತ್ತದೆ. ಆ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಲೇಬೇಕು. ಯಾರನ್ನೂ ಮ್ಯಾನ್‌ಹೋಲ್ ಒಳಗೆ ಇಳಿಸಬೇಡಿ. ಒಳಗಿನ ವಿಷಾನಿಲ ಕ್ಷಣಮಾತ್ರದಲ್ಲಿ ಜೀವ ತೆಗೆಯುತ್ತದೆ.

ಡಿಸಿಪಿ (ಡೈನಾಮಿಕ್ ಕೋನ್ ಪೆನೆಟ್ರೋಮೀಟರ್) ಎಂಬ, ನೆಲದ ಗಟ್ಟಿತನ ಅಳೆಯುವ ಸರಳ ಉಪಕರಣವೂ ಇಲ್ಲಿ ಬಹಳ ಸಹಾಯಕ್ಕೆ ಬರುತ್ತದೆ. 8 ಕಿಲೋ ತೂಕದ ಸುತ್ತಿಗೆಯನ್ನು 575 ಮಿಲಿಮೀಟರ್ ಎತ್ತರದಿಂದ ಬಿಡುತ್ತಾರೆ. ಒಂದು ಪೆಟ್ಟಿಗೆ ಚೂಪು ತುದಿಯ ಸರಳು ಎಷ್ಟು ಮಿಲಿಮೀಟರ್ ಒಳಗೆ ಹೋಯಿತು ಎಂದು ಬರೆದುಕೊಳ್ಳುತ್ತಾರೆ. ಟ್ರೆಂಚ್ ಮೇಲೆ ಒಂದು ಕಡೆ, ಅದರಿಂದ ಹೊರಗೆ ಅಗೆಯದ ನೆಲದಲ್ಲಿ ಒಂದು ಕಡೆ ಪರೀಕ್ಷೆ ಮಾಡಿ ಹೋಲಿಸಿ. ಟ್ರೆಂಚಿನಲ್ಲಿ ಉದ್ದಕ್ಕೂ ಸಲೀಸಾಗಿ ಇಳಿದರೆ ದಮ್ಮಸ್ಸು ಆಗಿಲ್ಲ. ಗಟ್ಟಿಯಾಗಿ ಇಳಿಯುತ್ತಿದ್ದದ್ದು ಒಂದು ಆಳದಲ್ಲಿ ಒಮ್ಮೆಲೇ ಜಾರಿದರೆ ಅಲ್ಲಿ ಪೊಳ್ಳು ಇದೆ. ಹೊಡೆಯುವ ಮುಂಚೆ ಕೇಬಲ್, ಗ್ಯಾಸ್ ಮತ್ತು ನೀರಿನ ಪೈಪುಗಳ ನಕ್ಷೆ ನೋಡಿ ಜಾಗ ಆರಿಸಿ. ನಕ್ಷೆ ಇಲ್ಲದಿದ್ದರೆ ಕೇಬಲ್ ಪತ್ತೆ ಮಾಡುವ ಉಪಕರಣ ತರಿಸದೆ ಸರಳು ಇಳಿಸಬೇಡಿ.

ಡಾಂಬರಿನ ಮೇಲೆ ಸಣ್ಣ ತೂತು, ಒಳಗೆ ಬೆಳಕು ಹಾಯಿಸಿದರೆ ಅಗಲವಾದ ಗುಹೆ ಕಂಡರೆ ಅದನ್ನು ಗುಂಡಿ ಎಂದು ಲೆಕ್ಕ ಹಾಕಬೇಡಿ. ತಕ್ಷಣ ಸುತ್ತ ದೂರದಿಂದಲೇ ಬ್ಯಾರಿಕೇಡ್ ಹಾಕಿಸಿ, ವಾಹನ ನಿಲ್ಲಿಸಿ. ಅದರೊಳಗೆ ಕಲ್ಲು, ಕಟ್ಟಡದ ಅವಶೇಷ ಸುರಿದು ಮುಚ್ಚುವುದು ಕೆಟ್ಟ ಕೆಲಸ. ಪೈಪಿನ ಒಡಕು ಹಾಗೇ ಉಳಿಯುತ್ತದೆ, ಗುಹೆ ಪಕ್ಕಕ್ಕೆ ಬೆಳೆಯುತ್ತದೆ.

ನೀರು ನಿಲ್ಲುತ್ತಿದೆ

ಡಾಂಬರಿಗೆ ನೀರೇ ಶತ್ರು. ಹಾಗಾಗಿ ನೀರು ಎಲ್ಲಿ ತಡೆದು ನಿಂತಿದೆ ಎಂದು ಹಂತ ಹಂತವಾಗಿ ಹುಡುಕಿ.

ಮೊದಲು ರಸ್ತೆಯ ಅಡ್ಡ ಇಳಿಜಾರು. ಡಾಂಬರು ರಸ್ತೆಗೆ ಸಾಮಾನ್ಯವಾಗಿ ನೂರಕ್ಕೆ 2ರಿಂದ 2.5ರಷ್ಟು ಇಳಿಜಾರು ಕೊಡುತ್ತಾರೆ. ನಡುವಿನಿಂದ ಅಂಚಿಗೆ 3.5 ಮೀಟರ್ ಇದ್ದರೆ 2ರ ಲೆಕ್ಕದಲ್ಲಿ 7 ಸೆಂಟಿಮೀಟರ್ ಇಳಿಯಬೇಕು. ನಡುವಿನಿಂದ ದಾರ ಕಟ್ಟಿ ಮಟ್ಟ ಹಿಡಿದರೆ ಯಾರು ಬೇಕಾದರೂ ಇದನ್ನು ಅಳೆಯಬಹುದು. ಬಕೆಟ್ ನೀರನ್ನು ರಸ್ತೆಯ ನಡುವೆ ಸುರಿಯಿರಿ. ನೀರು ನಡುವೆಯೇ ಹರಡಿ ನಿಂತರೆ ರಸ್ತೆ ಹಾಕಿದ್ದರಲ್ಲೇ ತಪ್ಪಿದೆ.

ನೀರು ಅಂಚಿಗೆ ಬಂದು ಕರ್ಬ್ ಕಲ್ಲಿನ ಪಕ್ಕ ನಿಂತರೆ ಚರಂಡಿ ಬಾಯಿಯನ್ನು ನೋಡಿ. ಹೊಸ ಬೀದಿಗಳಲ್ಲಿ ಬಾಯಿಯ ಜಾಲರಿ ರಸ್ತೆಗಿಂತ ಎರಡು ಬೆರಳು ಎತ್ತರದಲ್ಲಿ ಕೂತಿರುವುದು ತೀರಾ ಸಾಮಾನ್ಯ. ಚರಂಡಿ ಕಟ್ಟಿದವರು ಒಬ್ಬರು, ಡಾಂಬರು ಹಾಕಿದವರು ಇನ್ನೊಬ್ಬರು. ಇಬ್ಬರ ಲೆವೆಲ್ ಕೂಡಿಬಂದಿಲ್ಲ, ಅಷ್ಟೇ. ಬಾಯಿ ಇರಬೇಕಾದದ್ದು ಬೀದಿಯ ಅತಿ ತಗ್ಗಿನ ಜಾಗದಲ್ಲಿ. ಬಾಯಿ ಒಂದು ಕಡೆ, ತಗ್ಗು ಇನ್ನೊಂದು ಕಡೆ ಆದರೆ ಎಷ್ಟು ಹೂಳು ತೆಗೆದರೂ ಪ್ರಯೋಜನವಿಲ್ಲ.

ಬಾಯಿ ಸ್ವಲ್ಪ ಹೊತ್ತು ನೀರು ಎಳೆದುಕೊಂಡು ಆಮೇಲೆ ತುಂಬಿ ಉಕ್ಕಿದರೆ ಚರಂಡಿಯ ಒಳಗೆ ತಡೆ ಇದೆ. ಚರಂಡಿಯ ಚೇಂಬರ್‌ಗಳನ್ನು ಕೆಳಗಿನ ಕಡೆಯಿಂದ ಒಂದೊಂದಾಗಿ ತೆರೆಸುತ್ತಾ ಮೇಲಕ್ಕೆ ಹೋಗಿ. ಒಂದು ಚೇಂಬರ್ ಖಾಲಿ, ಅದರ ಮೇಲಿನದು ತುಂಬಿದೆ ಎಂದಾದರೆ ತಡೆ ಆ ಎರಡರ ನಡುವೆಯೇ ಇದೆ. ಬಹಳ ಕಡೆ ಅಲ್ಲಿ ಸಿಗುವುದು ಚರಂಡಿಯ ಗೋಡೆ ಕೊರೆದು ಅಡ್ಡ ಹಾಯಿಸಿದ ಕೇಬಲ್ ಕೊಳವೆ. ಪ್ಲಾಸ್ಟಿಕ್, ಎಲೆ, ಕೊಂಬೆ ಎಲ್ಲವೂ ಅದಕ್ಕೆ ಸಿಕ್ಕಿಕೊಂಡು ಗೋಡೆಯೇ ಆಗಿಬಿಡುತ್ತದೆ. ಕೊಳವೆಯನ್ನು ಬೇರೆ ದಾರಿಯಲ್ಲಿ ಹಾಯಿಸದೆ ಬರೀ ಕಸ ತೆಗೆದರೆ ಮುಂದಿನ ಮಳೆಗೆ ಅದೇ ಕಥೆ.

ಎಲ್ಲಾ ಚೇಂಬರ್‌ಗಳೂ ಖಾಲಿ ಇವೆ, ಕಸವೂ ಇಲ್ಲ, ಆದರೆ ಮಳೆ ನಿಂತು ಎರಡು ದಿನವಾದರೂ ಒಂದು ಭಾಗದಲ್ಲಿ ನೀರು ನಿಂತಿದೆ ಎಂದಿಟ್ಟುಕೊಳ್ಳಿ. ಆಗ ಚರಂಡಿಯ ತಳವೇ ಹಿಮ್ಮುಖವಾಗಿ ಇಳಿದಿದೆ. ಲೆವೆಲ್ ಹಿಡಿದು ತಳದ ಎತ್ತರ ಅಳೆದರೆ ನಿಶ್ಚಯವಾಗುತ್ತದೆ. ಇದಕ್ಕೆ ಅಡ್ಡದಾರಿ ಇಲ್ಲ, ಆ ಭಾಗವನ್ನು ಒಡೆದು ಕಟ್ಟಬೇಕು.

ಮನೆಗಳಿಗೆ ನೀರು ನುಗ್ಗುತ್ತಿದೆ ಎಂಬ ದೂರು ಬಂದರೆ ಕರ್ಬ್ ಕಲ್ಲಿನ ಎತ್ತರ ಅಳೆಯಿರಿ. ಅದು ಸಾಮಾನ್ಯವಾಗಿ 15 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಅರ್ಧಕ್ಕರ್ಧ ಕಮ್ಮಿ ಇದ್ದರೆ ಹಳೆ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸದು ಹಾಕಿದ್ದಾರೆ ಎಂದು ತಿಳಿಯಬಹುದು. ರಸ್ತೆ ಮೇಲೇರಿದಷ್ಟೂ ಬಾಗಿಲುಗಳು ತಗ್ಗಾಗುತ್ತವೆ.

ಬಿಸಿಲಲ್ಲೂ ಒದ್ದೆ

ಮಳೆ ಇಲ್ಲದ ದಿನವೂ ರಸ್ತೆಯ ಒಂದು ಜಾಗ ಒದ್ದೆಯಾಗಿದ್ದರೆ ನೀರು ಕೆಳಗಿನಿಂದ ಬರುತ್ತಿದೆ. ಕುಡಿಯುವ ನೀರಾ, ಕೊಳಚೆಯಾ, ಅಂತರ್ಜಲವಾ? ಸ್ವಲ್ಪ ನೀರನ್ನು ಶೀಶೆಗೆ ತುಂಬಿ ಕ್ಲೋರಿನ್ ಪರೀಕ್ಷೆ ಮಾಡಿ. ಕ್ಲೋರಿನ್ ಸಿಕ್ಕರೆ ನಲ್ಲಿ ನೀರಿನ ಪೈಪ್ ಸೋರುತ್ತಿದೆ. ಸಿಗಲಿಲ್ಲ ಎಂದ ಮಾತ್ರಕ್ಕೆ ಅದು ನಲ್ಲಿ ನೀರಲ್ಲ ಎಂದು ತೀರ್ಮಾನಿಸಬೇಡಿ. ಮಣ್ಣಿನಲ್ಲಿ ಹಾದು ಬರುವಾಗ ಕ್ಲೋರಿನ್ ಕಳೆದುಹೋಗುತ್ತದೆ. ಸರದಿಯ ಮೇಲೆ ನೀರು ಬಿಡುವ ಊರಾದರೆ ನೀರು ಬಿಟ್ಟ ಹೊತ್ತಿಗೇ ಒದ್ದೆ ಜಾಸ್ತಿಯಾಗುತ್ತದಾ ಎಂದು ಗಮನಿಸಿ. ಸೋರಿಕೆಯ ಜಾಗ ಹಿಡಿಯಲು ರಾತ್ರಿ ಎರಡರಿಂದ ನಾಲ್ಕರ ನಡುವೆ, ಬೀದಿ ಸದ್ದಿಲ್ಲದಿರುವಾಗ, ವಾಲ್ವ್‌ಗಳ ಮೇಲೆ ಶಬ್ದ ಕೇಳುವ ಕೋಲು ಇಟ್ಟು ಆಲಿಸುತ್ತಾರೆ. ಕೊಳಚೆಯ ಅನುಮಾನ ಇದ್ದರೆ ಮೇಲಿನ ಮ್ಯಾನ್‌ಹೋಲಿಗೆ ಬಣ್ಣದ ನೀರು ಬಿಟ್ಟು ಒದ್ದೆ ಜಾಗದಲ್ಲಿ ಆ ಬಣ್ಣ ಬರುತ್ತದೆಯೇ ನೋಡಿ. ನಲ್ಲಿ ಪೈಪೂ ಕೊಳಚೆ ಪೈಪೂ ಹತ್ತಿರ ಹತ್ತಿರ ಇದ್ದು ಎರಡೂ ಸೋರುತ್ತಿದ್ದರೆ ರಸ್ತೆಯ ಚಿಂತೆ ಆಮೇಲೆ. ಮೊದಲು ಆ ಸಾಲಿನ ಮನೆಗಳ ಕುಡಿಯುವ ನೀರನ್ನು ಪರೀಕ್ಷೆಗೆ ಕಳಿಸಿ.

ಬಿರುಕು ಓದುವುದು

ಚಕ್ರದ ಜಾಡಿನಲ್ಲಿ ಮೊಸಳೆ ಚರ್ಮದ ಹಾಗೆ ಬಿರುಕು ಬಿಟ್ಟಿದ್ದರೆ ಡಾಂಬರು ಭಾರಕ್ಕೆ ಬಾಗಿ ಬಾಗಿ ದಣಿದಿದೆ. ಪದರ ತೆಳುವಾಗಿದೆ, ಇಲ್ಲವೇ ಕೆಳಗಿನ ಜಲ್ಲಿ ಅಥವಾ ಮಣ್ಣು ನೀರು ಕುಡಿದು ಮೆತ್ತಗಾಗಿದೆ. ಮೇಲೊಂದು ಪದರ ಹಾಕಿದರೆ ಇದು ವಾಸಿಯಾಗದು.

ರಸ್ತೆಯುದ್ದಕ್ಕೂ ನೇರವಾದ ಒಂದೇ ಬಿರುಕು ಇದ್ದರೆ ಎರಡು ಪಟ್ಟಿಗಳಲ್ಲಿ ಡಾಂಬರು ಹಾಕಿದಾಗ ನಡುವಿನ ಜೋಡಣೆ ಸರಿಯಾಗಿ ಬೆಸೆದಿಲ್ಲ. ತಡಮಾಡದೆ ಬಿರುಕಿಗೆ ಡಾಂಬರು ತುಂಬಿಸಿದರೆ ಸಾಕು. ಅರ್ಧಚಂದ್ರದ ಆಕಾರದ ಬಿರುಕು ಬ್ರೇಕ್ ಹಾಕುವ ಜಾಗದಲ್ಲಿ ಬಂದರೆ ಮೇಲಿನ ಪದರ ಕೆಳಗಿನದಕ್ಕೆ ಅಂಟಿಲ್ಲ. ಎರಡರ ನಡುವೆ ಟ್ಯಾಕ್ ಕೋಟ್, ಅಂದರೆ ಪದರಗಳನ್ನು ಅಂಟಿಸುವ ತೆಳು ಡಾಂಬರು ಲೇಪ, ಸರಿಯಾಗಿ ಹಾಕಿಲ್ಲ, ಅಥವಾ ಧೂಳು ಗುಡಿಸದೆ ಹಾಕಿದ್ದಾರೆ.

ಚಕ್ರದ ಜಾಡೇ ತಗ್ಗಾಗಿದ್ದರೆ ತಗ್ಗಿನ ಎರಡೂ ಪಕ್ಕ ನೋಡಿ. ಪಕ್ಕದಲ್ಲಿ ಡಾಂಬರು ಉಬ್ಬಿ ಬಂದಿದ್ದರೆ ಮಿಶ್ರಣವೇ ಮೆತ್ತಗಿದೆ. ಉಬ್ಬಿಲ್ಲದೆ ಅಗಲವಾಗಿ ತಗ್ಗಿದ್ದರೆ ಕೆಳಗಿನ ನೆಲ ಸೋತಿದೆ. ಎಂಥ ವಾಹನ ಓಡುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ಸ್ ರಾಜ್ಯದ ಒಟ್ಟಾವಾ ಬಳಿ ಪರೀಕ್ಷೆಗೆಂದೇ ರಸ್ತೆಗಳನ್ನು ಮಾಡಿ ಲಾರಿ ಓಡಿಸಿದ್ದರು. ಆಕ್ಸೆಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ ಎಂಬ ಲೆಕ್ಕ ಅಲ್ಲಿಂದ ಬಂತು. ವಸತಿ ಬೀದಿ ಎಂದು ತೆಳುವಾಗಿ ಮಾಡಿದ ರಸ್ತೆಯಲ್ಲಿ ಪಕ್ಕದ ಬೀದಿಯ ಕಾಮಗಾರಿಗಾಗಿ ಬಸ್ಸು, ಲಾರಿಗಳನ್ನು ತಿಂಗಳುಗಟ್ಟಲೆ ತಿರುಗಿಸಿ ಬಿಟ್ಟಿದ್ದರೆ ಉತ್ತರ ಅಲ್ಲೇ ಇದೆ.

ಎಲ್ಲೆಡೆ ಜಲ್ಲಿ ಉದುರುತ್ತಿದ್ದರೆ ಮಾತ್ರ ಡಾಂಬರು ಹಾಕಿದ ದಿನದ ದಾಖಲೆ ಕೇಳಿ. ಬಿಸಿ ಮಿಶ್ರಣ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಸ್ತೆಗೆ ಬೀಳುತ್ತದೆ. ಅದು ಸುಮಾರು 90 ಡಿಗ್ರಿಗೆ ಇಳಿಯುವ ಮೊದಲೇ ರೋಲರ್ ಕೆಲಸ ಮುಗಿಯಬೇಕು. ದೂರದ ಪ್ಲಾಂಟಿನಿಂದ ಬಂದ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ, ತೆಳು ಪದರವನ್ನು ರಾತ್ರಿಯ ಚಳಿಗಾಳಿಯಲ್ಲಿ ಹಾಕಿದರೆ, ಮಿಶ್ರಣ ಬೇಗ ತಣಿದು ಎಷ್ಟು ಉರುಳಿಸಿದರೂ ಅಮರುವುದಿಲ್ಲ. ಒಳಗೆ ಗಾಳಿಯ ಜಾಗ ನೂರಕ್ಕೆ 8ಕ್ಕಿಂತ ಜಾಸ್ತಿ ಉಳಿದರೆ ನೀರು ಸರಾಗವಾಗಿ ಇಳಿಯುತ್ತದೆ. ಕೋರ್ ತೆಗೆಸಿದರೆ, ಅಂದರೆ ರಸ್ತೆಯನ್ನು ಕೊರೆದು ಉರುಳೆಯಾಕಾರದ ತುಂಡು ತೆಗೆಸಿದರೆ, ಇದು ಖಚಿತವಾಗುತ್ತದೆ. ಆ ಉರುಳೆಯಲ್ಲಿ ಪದರದ ದಪ್ಪ, ಪದರಗಳು ಅಂಟಿವೆಯೋ ಇಲ್ಲವೋ, ಬಿರುಕು ಮೇಲಿನಿಂದ ಶುರುವಾಯಿತೋ ಕೆಳಗಿನಿಂದಲೋ ಎಲ್ಲವೂ ಕಾಣುತ್ತದೆ. ಹಾಳಾದ ಜಾಗದ ಜೊತೆ ಚೆನ್ನಾಗಿರುವ ಜಾಗದಿಂದಲೂ ಒಂದು ಕೋರ್ ತೆಗೆಸಿ. ಹೋಲಿಕೆಗೆ ಏನೂ ಇಲ್ಲದಿದ್ದರೆ ವಾದಕ್ಕೆ ಕೊನೆ ಇರುವುದಿಲ್ಲ.

ಮ್ಯಾನ್‌ಹೋಲ್, ಕಾಂಕ್ರೀಟ್, ಫುಟ್‌ಪಾತ್, ದೀಪ

ಮ್ಯಾನ್‌ಹೋಲ್ ಸುತ್ತ ಉಂಗುರದಂತೆ ಬಿರುಕು ಬಂದು ಮುಚ್ಚಳ ಎತ್ತರದಲ್ಲೇ ನಿಂತಿದ್ದರೆ ಸುತ್ತಲಿನ ಮಣ್ಣು ಕೂತಿದೆ. ಮುಚ್ಚಳವೇ ತಗ್ಗಿ ವಾಹನ ಹತ್ತಿದಾಗ ಟಕ್ ಎಂದು ಸದ್ದು ಮಾಡಿದರೆ ಚೌಕಟ್ಟಿನ ಕೆಳಗಿನ ಗಾರೆ ಪುಡಿಯಾಗಿದೆ. ಮೊದಲನೆಯದಕ್ಕೆ ಸುತ್ತ ಅಗೆದು ದಮ್ಮಸ್ಸು ಮಾಡಬೇಕು. ಎರಡನೆಯದಕ್ಕೆ ಚೌಕಟ್ಟು ಎತ್ತಿ ಗಟ್ಟಿ ಗಾರೆಯ ಮೇಲೆ ಕೂರಿಸಿ, ಗಾರೆ ಬಲಿಯುವವರೆಗೂ ವಾಹನ ಬಿಡಬಾರದು. ಬಹುತೇಕ ಕಡೆ ಈ ಕಾಯುವಿಕೆಯೇ ತಪ್ಪುತ್ತದೆ.

ಕಾಂಕ್ರೀಟ್ ರಸ್ತೆಯಲ್ಲಿ ಒಂದು ಹಲಗೆಯ (ಸ್ಲ್ಯಾಬಿನ) ನಡುಭಾಗದಲ್ಲಿ ಅಡ್ಡ ಬಿರುಕು ಬಂದರೆ ಜಾಯಿಂಟ್ ಕತ್ತರಿಸಿದ್ದು ತಡವಾಯಿತು, ಇಲ್ಲವೇ ಆಳ ಸಾಲದು. ಕಾಂಕ್ರೀಟ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಮೊದಲ ದಿನದೊಳಗೇ, ದಪ್ಪದ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಗೆರೆ ಕೊರೆಯದಿದ್ದರೆ ಅದು ತನಗೆ ಬೇಕಾದ ಕಡೆ ಒಡೆದುಕೊಳ್ಳುತ್ತದೆ. ಜಾಯಿಂಟಿನಿಂದ ಕೆಸರು ನೀರು ಚಿಮ್ಮುತ್ತಿದ್ದರೆ ಕೆಳಗಿನ ಮಣ್ಣು ಹೊರಬರುತ್ತಿದೆ ಎಂದು ತಿಳಿದು ಬೇಗ ಸೀಲ್ ಮಾಡಿಸಿ.

ಫುಟ್‌ಪಾತಿನ ಪೇವರ್ ಬ್ಲಾಕ್ ಅಲ್ಲಾಡುತ್ತಿದ್ದರೆ ಅಂಚಿನ ಕಲ್ಲು ಸರಿದಿದೆಯೇ, ಸಂದುಗಳಲ್ಲಿ ಮರಳು ಉಳಿದಿದೆಯೇ ನೋಡಿ. ಅಂಚಿನ ಕಲ್ಲು ಗಟ್ಟಿಯಾಗಿಲ್ಲದಿದ್ದರೆ ಬ್ಲಾಕ್ ಎಷ್ಟು ಸಲ ಕೂರಿಸಿದರೂ ಸರಿಯುತ್ತದೆ. ಕಣ್ಣು ಕಾಣದವರಿಗೆ ದಾರಿ ತೋರುವ ಉಬ್ಬುಗೆರೆಯ ಹಲಗೆಗಳ ಮೇಲೆ ಕಣ್ಣು ಮುಚ್ಚಿ, ಕೈಯಲ್ಲಿ ಕೋಲು ಹಿಡಿದು, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡು ನಡೆದು ನೋಡಿ. ಆ ಸಾಲು ನೇರ ಒಂದು ಕಂಬಕ್ಕೋ ಮರಕ್ಕೋ ಹೋಗಿ ಮುಟ್ಟಿದರೆ ಅದೂ ದೋಷವೇ. ಅದನ್ನೂ ಪಟ್ಟಿಗೆ ಸೇರಿಸಿ.

ಬೀದಿದೀಪಗಳು ಮಳೆ ಬಂದಾಗ ಮಾತ್ರ ಸಾಲಾಗಿ ಆರಿದರೆ ಕೇಬಲ್ ಜಾಯಿಂಟಿಗೆ ನೀರು ಇಳಿಯುತ್ತಿದೆ. ಕಂಬ ಮುಟ್ಟಬೇಡಿ, ಬೇರೆಯವರನ್ನೂ ಮುಟ್ಟಲು ಬಿಡಬೇಡಿ. ಲೈನ್ ಆಫ್ ಮಾಡಿಸಿ, ಪರಿಣತರಿಂದ ಭಾಗ ಭಾಗವಾಗಿ ಮೆಗ್ಗರ್ ಪರೀಕ್ಷೆ (ಕೇಬಲ್ಲಿನ ಇನ್ಸುಲೇಶನ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಬೇಕು. ಮೂರಕ್ಕೊಂದರಂತೆ ದೀಪ ಆರಿದ್ದರೆ ಒಂದು ಫೇಸ್ ಹೋಗಿದೆ. ಹಗಲಲ್ಲೂ ಉರಿಯುತ್ತಿದ್ದರೆ ಸೆನ್ಸರ್ ಅಥವಾ ಟೈಮರ್ ಕೆಟ್ಟಿದೆ.

ದುರಸ್ತಿಗೆ ಇಳಿಯುವಾಗ

ಸೋರಿಕೆ ನಿಲ್ಲಿಸದೆ ರಸ್ತೆ ಮುಚ್ಚಬೇಡಿ. ಟ್ರೆಂಚ್ ದುರಸ್ತಿಯಲ್ಲಿ ಡಾಂಬರನ್ನು ಟ್ರೆಂಚಿನ ಅಂಚಿಗೇ ಕತ್ತರಿಸದೆ ಎರಡೂ ಪಕ್ಕ ಒಂದು ಅಡಿಯಷ್ಟು ಆಚೆ, ಅಗೆಯದ ಗಟ್ಟಿ ನೆಲದ ಮೇಲೆ ಕತ್ತರಿಸಿ. ಆಗ ಹೊಸ ಪದರಕ್ಕೆ ಎರಡೂ ಕಡೆ ಆಸರೆ ಸಿಗುತ್ತದೆ. ಅಂಚುಗಳು ನೇರವಾಗಿರಲಿ, ಒಣಗಿರಲಿ. ಅಂಚಿಗೂ ಡಾಂಬರು ಬಳಿದು, ಮುಗಿದ ಮೇಲೆ ಸಂದನ್ನು ಸೀಲ್ ಮಾಡಿ.

ಗುತ್ತಿಗೆದಾರರೇ ದೋಷ ಸರಿಪಡಿಸಿಕೊಡಬೇಕಾದ ಹೊಣೆಗಾರಿಕೆ ಅವಧಿ ಇನ್ನೂ ಇದ್ದರೆ ಲಿಖಿತವಾಗಿ ದೂರು ಕೊಡಿ. "ರಸ್ತೆ ಹಾಳಾಗಿದೆ" ಎಂದಷ್ಟೇ ಬರೆದರೆ ಮೇಲೆ ಒಂದು ತೇಪೆ ಹಾಕಿ ಹೋಗುತ್ತಾರೆ. "ಇಂಥ ಮ್ಯಾನ್‌ಹೋಲಿನಿಂದ ಇಂಥ ಮ್ಯಾನ್‌ಹೋಲಿನವರೆಗೆ ಒಳಚರಂಡಿ ಟ್ರೆಂಚ್ ಮೇಲೆ ಇಷ್ಟು ಉದ್ದ, ಇಷ್ಟು ಆಳ ಕುಸಿದಿದೆ, ವಾರಕ್ಕೆ ಇಷ್ಟು ಮಿಲಿಮೀಟರ್ ಇಳಿಯುತ್ತಿದೆ, ಕ್ಯಾಮೆರಾ ತಪಾಸಣೆ ಮಾಡಿಸಿ" ಎಂದು ಬರೆಯಿರಿ. ನಕ್ಷೆ, ದಿನಾಂಕ ಕಾಣುವ ಫೋಟೋ, ಲೆವೆಲ್ ಅಳತೆ ಜೊತೆಗಿರಲಿ. ದೂರಿನ ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ.

ದುರಸ್ತಿ ಮಾಡಿದ ಜಾಗದಲ್ಲಿ ಹೊಸ ಮೊಳೆ ಹೊಡೆದು, ಅದೇ ಮೆಟ್ಟಿಲಿನ ಆಧಾರದಲ್ಲಿ ಅಳತೆ ಮುಂದುವರಿಸಿ. ಮೊದಲ ಜೋರು ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆಯಿರಿ. ಎರಡರ ನಡುವೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬಂದರೆ ಡಾಂಬರು ತರಿಸುವ ಬದಲು ಕೆಳಗಿನ ಮ್ಯಾನ್‌ಹೋಲಿನ ಮುಚ್ಚಳ ತೆಗೆಸಿ.